ಮಾಯದ ಹುಣ್ಣಿಗೆ ಹೊಸ ಹೊದಿಕೆ

ಮಳೆಗಾಲ ಹಿಡಿದ ಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಅಡಿಕೆ ತೋಟಗಳಲ್ಲಿ ನೆಲ ಒಣಗುವುದೆಂಬುದಿಲ್ಲ. ಬರಿಗಾಲಿನಲ್ಲಿ ತೋಟ ಸುತ್ತುವವರಿಗೆ ಇಂಬಳದ ಕಡಿತ, ಮುಳ್ಳಿನ ಚುಚ್ಚು ನಿತ್ಯದ ಮಾತು. ಸುಣ್ಣವನ್ನೋ ಹೊಗೆಸೊಪ್ಪನ್ನೋ ಒತ್ತಿ ಮರೆತುಬಿಡುತ್ತಾರೆ. ಮಧುಮೇಹಿಗಳ ಪಾಲಿಗೆ ಈ ಮರೆವೇ ಅಪಾಯಕರ. ನರಗಳು ಜಡವಾದ ಪಾದಕ್ಕೆ ನೋವು ತಿಳಿಯದು. ನೋಯದ ಗಾಯವನ್ನು ಯಾರು ತಾನೇ ನೋಡಿಯಾರು?

ನಾಲ್ಕಾರು ವಾರ ಕಳೆದರೂ ಮಾಯುವ ಲಕ್ಷಣ ತೋರದ ಹುಣ್ಣನ್ನು ವೈದ್ಯರು ದೀರ್ಘಕಾಲದ ಗಾಯವೆಂದು ಪರಿಗಣಿಸುತ್ತಾರೆ. ಅಲ್ಲಿ ಉರಿಯೂತ ಶಮನವಾಗುವುದಿಲ್ಲ. ಹೊಸ ಅಂಗಾಂಶಕ್ಕೆ ಹಂದರವಾಗಬೇಕಾದ ಕೊಲಾಜೆನ್ ಎಂಬ ಪ್ರೋಟೀನನ್ನು ದೇಹ ಕಟ್ಟಿದಷ್ಟೂ ಕಿಣ್ವಗಳು ಕೆಡವುತ್ತಿರುತ್ತವೆ. ಗಾಯ ಒಣಗಿದರೆ ಬೇಗ ಮಾಯುತ್ತದೆಂಬ ಹಳೆಯ ನಂಬಿಕೆಯನ್ನು 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲಿನ ಪ್ರಯೋಗದಿಂದ ಅಲುಗಿಸಿದರು. ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಬೇಗ ಹರಡಿತ್ತು. ಇಂದಿನ ಜೈವಿಕ ಹೊದಿಕೆಗಳಿಗೆ ಇದೇ ತಳಹದಿ.

ಕಡಲಕಳೆಯಿಂದ ತೆಗೆದ ಆಲ್ಜಿನೇಟ್ ಗಾಯದ ಸ್ರಾವವನ್ನು ಹೀರಿ ಲೋಳೆಯಾಗುತ್ತದೆ. ಕೈಟೋಸಾನ್ ಸಾಮಾನ್ಯವಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ಬರುವಂಥದು. ಕೊಲಾಜೆನ್ ಹಾಳೆ ಕಿಣ್ವಗಳಿಗೆ ತಾನೇ ಆಹುತಿಯಾಗಿ ಮೈಯ ಕೊಲಾಜೆನ್ನನ್ನು ಉಳಿಸುತ್ತದೆ. ಅದರ ಮೂಲ ದನ, ಹಂದಿ ಅಥವಾ ಮೀನು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇಂಥ ಹಾಳೆಗಳನ್ನು ರೂಪಿಸಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಹಂದಿಯ ಪಿತ್ತಕೋಶದಿಂದ ಜೀವಕೋಶಗಳನ್ನು ಕಳೆದು ಸಿದ್ಧಪಡಿಸಿದ 'ಕೋಲಿಡರ್ಮ್'ಗೆ 2023ರಲ್ಲಿ ಕೇಂದ್ರ ಔಷಧ ನಿಯಂತ್ರಕರ ಒಪ್ಪಿಗೆ ದೊರೆಯಿತು.

ನಮ್ಮಂಥ ಶಾಕಾಹಾರಿ ಮನೆಗಳಲ್ಲಿ ಪ್ರಶ್ನೆ ಏಳುವುದು ಇಲ್ಲಿಯೇ. ಹೊದಿಕೆ ಯಾವುದರಿಂದ ಆದದ್ದೆಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಅದು ರೋಗಿಯ ಹಕ್ಕು. ಹಲವು ವೇಳೆ ಆಲ್ಜಿನೇಟಿನಂಥ ಬದಲಿ ಇರುತ್ತದೆ. ಬದಲಿಯಿಲ್ಲದೆ ಕಾಲೇ ಹೋಗುವ ಸ್ಥಿತಿಯಿದ್ದಾಗ ಮೂಲವನ್ನು ನೆಪಮಾಡಿ ಚಿಕಿತ್ಸೆಯನ್ನೇ ನಿರಾಕರಿಸುವುದು ಮಾತ್ರ ನಮಗೆ ಸರಿತೋರದು.

ಜೇನೂ ಗಾಯಕ್ಕೆ ಹಿತವೇ. ಆದರೆ ಆಸ್ಪತ್ರೆಯ ಜೇನು ಗಾಮಾ ಕಿರಣಗಳಿಂದ ಶುದ್ಧೀಕರಿಸಿದ್ದು. ನಮ್ಮ ಮಲೆನಾಡಿನ ತುಡುವೆಜೇನು ಎಷ್ಟೇ ಶ್ರೇಷ್ಠವಾಗಿರಲಿ, ಅದರಲ್ಲಿ ರೋಗಾಣುಗಳ ಬೀಜಕಗಳಿರಬಹುದು. ಅಡುಗೆಮನೆಯ ಸೀಸೆಯಿಂದ ಹುಣ್ಣಿಗೆ ಸವರಬಾರದು.

ಸಕ್ಕರೆ ಹತೋಟಿಗೆ ಬಾರದೆ, ಸತ್ತ ಅಂಗಾಂಶ ತೆಗೆಯದೆ, ಹುಣ್ಣಿನ ಮೇಲಿನ ಭಾರ ತಪ್ಪಿಸದೆ ಯಾವ ಹೊದಿಕೆಯೂ ಫಲಿಸದು. ಪಾದಕ್ಕೆ ರಕ್ತ ಹರಿಯುತ್ತಿದೆಯೇ ಎಂಬ ಪರೀಕ್ಷೆಯೂ ಅಗತ್ಯ. ಅದಕ್ಕಾಗಿ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಬೇಕಾದೀತು. ಪ್ರತಿ ಸಂಜೆ ಅಂಗಾಲಿನಡಿ ಕನ್ನಡಿ ಹಿಡಿದು ನೋಡಿಕೊಳ್ಳಿ. ಕಣ್ಣು ಮಂಜಾದ ಹಿರಿಯರಿಗೆ ಮೊಮ್ಮಕ್ಕಳು ನೋಡಿಕೊಡಲಿ. ಬೆರಳು ಕಪ್ಪಗಾದರೆ, ದುರ್ವಾಸನೆಯೋ ಜ್ವರವೋ ಕಂಡರೆ, ಮಳೆ ನಿಲ್ಲಲೆಂದು ಕಾಯದೆ ಅಂದೇ ಹೊರಡಬೇಕು.