ಟ್ಯಾಂಕೆಂಬ ಶಬ್ದ

ಚನ್ನಗಿರಿ ಸೀಮೆಯ ಸೂಳೆಕೆರೆಯನ್ನು ಇಂಗ್ಲಿಷ್ ದಾಖಲೆಗಳು ಟ್ಯಾಂಕ್ ಎನ್ನುವುವು. ಮಾಳಿಗೆಯ ಮೇಲಣ ನೀರಿನ ತೊಟ್ಟಿಗೂ ರಣರಂಗದ ಉಕ್ಕಿನ ರಥಕ್ಕೂ ಅದೇ ಹೆಸರು. ಇವಕ್ಕೆ ಪರಸ್ಪರ ನಂಟೇನೆಂದು ವಾಚಕರು ಕೇಳಬಹುದು.

ಗುಜರಾತಿ ಮರಾಠಿಗಳಲ್ಲಿ ನೀರು ಕೂಡಿಡುವ ತೊಟ್ಟಿಗೆ ಟಾಂಕು, ಟಾಂಕೆ ಎಂಬ ಮಾತುಗಳುಂಟು. ಪೋರ್ಚುಗೀಸರ ಭಾಷೆಯಲ್ಲಿಯೂ ಕೊಳಕ್ಕೆ ಟಾಂಕೆ ಎಂದೇ ಹೆಸರು. ಅದರ ಮೂಲ ನಿಂತ ನೀರೆಂಬರ್ಥದ ಲ್ಯಾಟಿನ್ ಶಬ್ದವೆಂದು ಪಂಡಿತರು ಹೇಳುವರು. ಹದಿನೇಳನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಂಗ್ಲಿಷರ ನಾಲಗೆಯಲ್ಲಿ ಇವೆರಡೂ ಬೆರೆತಂತೆ ತೋರುತ್ತದೆ. ರಥದ ಕಥೆಯೇ ಬೇರೆ. ೧೯೧೫ರಲ್ಲಿ ಬ್ರಿಟಿಷರು ಆ ಯಂತ್ರವನ್ನು ಕಟ್ಟುವಾಗ, ಗುಟ್ಟು ಬಯಲಾಗದಿರಲೆಂದು ನೀರಿನ ಟ್ಯಾಂಕೆಂಬ ಹೆಸರನ್ನು ಹೊದಿಸಿದರು. ೧೯೧೬ನೆಯ ಸೆಪ್ಟೆಂಬರ್ ೧೫ರಂದು ಫ್ರಾನ್ಸಿನ ಸೋಮ್ ಕಾಳಗದಲ್ಲಿ ಅದು ಪ್ರಕಟವಾದ ಮೇಲೂ ಹೆಸರು ಹೋಗಲಿಲ್ಲ.

ನಮಗಿರುವ ಅಸಮಾಧಾನ ಒಂದೇ. ಟ್ಯಾಂಕೆಂದೊಡನೆ ಮಕ್ಕಳ ಕಣ್ಣಿಗೆ ಕಟ್ಟುವುದು ನಾಲ್ಕು ಗೋಡೆಯ ಪೆಟ್ಟಿಗೆ. ಕೆರೆಗಾದರೋ ಏರಿ, ತೂಬು, ಕೋಡಿ, ಅಚ್ಚುಕಟ್ಟುಗಳುಂಟು. ಎಲ್ಲಕ್ಕೂ ಮೊದಲು ನೀರು ತರುವ ಹಳ್ಳವುಂಟು. ಸೂಳೆಕೆರೆಯನ್ನು ತುಂಬುವ ಹರಿದ್ರಾ ಹಳ್ಳವನ್ನು ಆ ಶಬ್ದವು ಹೇಳಲಾರದು. ತುಂಗಭದ್ರೆಯ ನೀರನ್ನು ಕೊಳವೆಯಲ್ಲಿ ತಂದು ಜಗಳೂರಿನ ಕೆರೆಗಳನ್ನು ತುಂಬಿಸುವ ಯೋಜನೆಯುಂಟಷ್ಟೆ. ಅಲ್ಲಿ ಮಾತ್ರ ಟ್ಯಾಂಕೆಂಬ ಮಾತು ಅರ್ಧ ಒಪ್ಪೀತು.