ಹಳೆಯ ಕಂಪ್ಯೂಟರಿಗೆ ಹೊಸ ರ‍್ಯಾಮ್: ಕೊಳ್ಳುವ ಮುನ್ನ ಮದರ್‌ಬೋರ್ಡ್ ನೋಡಿ

ಹತ್ತು ಹನ್ನೆರಡು ವರ್ಷಗಳ ಹಿಂದೆ ಕೊಂಡ ಡೆಸ್ಕ್‌ಟಾಪ್ ಕಂಪ್ಯೂಟರುಗಳು ಇಂದಿಗೂ ಅನೇಕ ಮನೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ದುಡಿಯುತ್ತಿವೆ. ಬ್ರೌಸರ್‌ನಲ್ಲಿ ನಾಲ್ಕಾರು ಪುಟ ತೆರೆದರೆ ಸಾಕು, ಯಂತ್ರ ಏದುಸಿರು ಬಿಡತೊಡಗುತ್ತದೆ. ಆಗ ಮೊದಲು ಕೇಳಿಬರುವ ಸಲಹೆ ‘ರ‍್ಯಾಮ್ ಜಾಸ್ತಿ ಮಾಡಿಸಿ’ ಎಂಬುದು.

ಸಲಹೆ ತಪ್ಪಲ್ಲ. ಆದರೆ ಅಂಗಡಿಯಿಂದ ತಂದ ರ‍್ಯಾಮ್ ಯಂತ್ರದೊಳಗೆ ಕೂರದೇ ಇರಬಹುದು. ಕೂತರೂ ಪರದೆ ಬೆಳಗದೇ ಇರಬಹುದು. ಬಳಸಿದ ಬಿಡಿಭಾಗವನ್ನು ಹಿಂದಿರುಗಿಸುವುದು ಸುಲಭವಲ್ಲ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಇಂಥ ಸಂದರ್ಭದಲ್ಲಿ ಕೊಳ್ಳುವ ಮೊದಲು ಅರ್ಧ ಗಂಟೆ ಪರಿಶೀಲನೆಗೆ ವ್ಯಯಿಸುವುದು ಜಾಣತನ.

ಕೊರತೆ ನಿಜವೇ?

ಕಂಪ್ಯೂಟರ್ ನಿಧಾನವಾಗಲು ರ‍್ಯಾಮ್ ಒಂದೇ ಕಾರಣವಲ್ಲ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ನಿತ್ಯದ ಕೆಲಸ ನಡೆಯುತ್ತಿರುವಾಗ ಮೆಮೊರಿಯ ಬಳಕೆ ಎಷ್ಟಿದೆಯೆಂದು ನೋಡಬೇಕು. ಅದು ಸದಾ ಶೇ. 85-90ರ ಆಸುಪಾಸಿನಲ್ಲಿದ್ದರೆ ಹೊಸ ರ‍್ಯಾಮ್‌ನಿಂದ ಪ್ರಯೋಜನವುಂಟು. ಅರ್ಧದಷ್ಟೇ ಬಳಕೆಯಾಗುತ್ತಿದ್ದರೆ ದೋಷ ಬೇರೆಡೆ ಇದೆ. ಹಳೆಯ ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸುವುದೇ ಮೇಲು. ವಿಂಡೋಸ್ 32 ಬಿಟ್ ಆವೃತ್ತಿಯದಾಗಿದ್ದರೆ 4 ಜಿಬಿಗಿಂತ ಹೆಚ್ಚಿನ ರ‍್ಯಾಮ್ ಬಳಕೆಗೇ ಬಾರದು ಎಂಬುದೂ ನೆನಪಿರಲಿ.

ಪೀಳಿಗೆ ಬೆರೆಯದು

ಡೆಸ್ಕ್‌ಟಾಪ್‌ಗಳಲ್ಲಿ ಡಿಡಿಆರ್, ಡಿಡಿಆರ್2, ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ಐದು ಪೀಳಿಗೆಗಳ ರ‍್ಯಾಮ್ ಬಳಕೆಯಲ್ಲಿದೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಡಿಡಿಆರ್2 ಮತ್ತು ಡಿಡಿಆರ್3 ಎರಡಕ್ಕೂ 240 ಪಿನ್‌ಗಳಿವೆ, ನೋಡಲು ಅಣ್ಣತಮ್ಮಂದಿರಂತಿವೆ. ಆದರೆ ಮೊದಲನೆಯದಕ್ಕೆ 1.8 ವೋಲ್ಟ್, ಎರಡನೆಯದಕ್ಕೆ 1.5 ವೋಲ್ಟ್ ವಿದ್ಯುತ್ ಬೇಕು. ಅದಲುಬದಲಾಗದಿರಲೆಂದೇ ಅಂಚಿನಲ್ಲಿರುವ ಕಚ್ಚನ್ನು ಬೇರೆ ಬೇರೆ ಜಾಗದಲ್ಲಿ ಇರಿಸಲಾಗಿದೆ. ಕಚ್ಚು ಹೊಂದದಿದ್ದರೆ ಬಲವಂತ ಮಾಡಬಾರದು. ಸ್ಲಾಟ್ ಮುರಿದರೆ ಮದರ್‌ಬೋರ್ಡನ್ನೇ ಬದಲಿಸಬೇಕಾದೀತು.

ಯಂತ್ರದಲ್ಲಿರುವುದು ಯಾವ ಪೀಳಿಗೆಯದೆಂದು ತಿಳಿಯಲು ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ನೆರವಾಗುತ್ತದೆ. ಮದರ್‌ಬೋರ್ಡಿನ ಹೆಸರು, ಮಾದರಿ ಸಂಖ್ಯೆಗಳನ್ನೂ ಅದು ತೋರಿಸುತ್ತದೆ. ಆ ಸಂಖ್ಯೆಯಿಂದ ತಯಾರಕರ ಕೈಪಿಡಿಯನ್ನು ಅಂತರ್ಜಾಲದಲ್ಲಿ ಹುಡುಕಿ, ಒಟ್ಟು ಎಷ್ಟು ರ‍್ಯಾಮ್ ಹಾಕಬಹುದು, ಒಂದು ಸ್ಲಾಟ್‌ಗೆ ಗರಿಷ್ಠ ಎಷ್ಟು ಎಂಬುದನ್ನು ಗುರುತು ಹಾಕಿಕೊಳ್ಳಬೇಕು.

ಬೋರ್ಡಿನ ಮಿತಿ

ಈ ಮಿತಿಯನ್ನು ಕಡೆಗಣಿಸಿದವರೇ ಹೆಚ್ಚಾಗಿ ಮೋಸ ಹೋಗುವುದು. 2011ರಲ್ಲಿ ಬಂದ ಇಂಟೆಲ್ ಎಚ್61 ಚಿಪ್‌ಸೆಟ್‌ನ ಬೋರ್ಡುಗಳನ್ನೇ ನೋಡಬಹುದು. ಸಾಮಾನ್ಯವಾಗಿ ಅವುಗಳಲ್ಲಿರುವುದು ಎರಡು ಸ್ಲಾಟ್; ಡಿಡಿಆರ್3 ರ‍್ಯಾಮ್ ಗರಿಷ್ಠ 16 ಜಿಬಿ. ಹೆಚ್ಚಿನ ಮನೆಬಳಕೆಗೆ 8 ಜಿಬಿ ಧಾರಾಳ.

ಅದಕ್ಕಿಂತ ಹಿಂದಿನ ಜಿ41 ಬೋರ್ಡಿನ ಕಥೆಯೇ ಬೇರೆ. ಅದರ ಮಿತಿ 8 ಜಿಬಿ. ಜೊತೆಗೆ ಸ್ಟಿಕ್ ಮೇಲಿನ ಒಂದೊಂದು ಚಿಪ್‌ನ ಸಾಮರ್ಥ್ಯ 256 ಎಂಬಿ ಮೀರುವಂತಿಲ್ಲ. 4 ಜಿಬಿ ಸ್ಟಿಕ್‌ನ ಎರಡೂ ಬದಿ ಸೇರಿ 16 ಚಿಪ್‌ಗಳಿದ್ದರೆ ತಲಾ 256 ಎಂಬಿ ಆಯಿತು, ಬೋರ್ಡು ಒಪ್ಪುತ್ತದೆ. ಒಂದೇ ಬದಿಯಲ್ಲಿ 8 ಚಿಪ್‌ಗಳಿದ್ದರೆ ತಲಾ 512 ಎಂಬಿ. ಬೋರ್ಡು ಅದನ್ನು ಸರಿಯಾಗಿ ಗುರುತಿಸದು. ಹೀಗಾಗಿ ಎಚ್61 ಬೋರ್ಡಿನಲ್ಲಿ ಸಲೀಸಾಗಿ ನಡೆಯುವ ಸ್ಟಿಕ್ ಜಿ41ರಲ್ಲಿ ಸತ್ತಂತೆ ಬಿದ್ದಿರುತ್ತದೆ. ದೋಷ ಸ್ಟಿಕ್‌ನದೂ ಅಲ್ಲ, ಅಂಗಡಿಯದೂ ಅಲ್ಲ.

ಅಗ್ಗದ ಆಮಿಷ

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಾಗಲಿ, ಆನ್‌ಲೈನ್ ಮಳಿಗೆಗಳಲ್ಲಾಗಲಿ ಹಳೆಯ ರ‍್ಯಾಮ್ ಕೊಳ್ಳುವಾಗ ಎರಡು ಬಗೆಯ ಸರಕಿನ ಬಗ್ಗೆ ಎಚ್ಚರವಿರಬೇಕು. ಒಂದು, ಸರ್ವರ್‌ಗಳಿಂದ ಕಳಚಿದ ‘ರಿಜಿಸ್ಟರ್ಡ್ ಇಸಿಸಿ’ ರ‍್ಯಾಮ್. ಇದು ಸಾಮಾನ್ಯ ಡೆಸ್ಕ್‌ಟಾಪ್‌ಗಳಲ್ಲಿ ನಡೆಯುವುದಿಲ್ಲ. ಇನ್ನೊಂದು, ‘ಎಎಂಡಿಗೆ ಮಾತ್ರ’ ಎಂಬ ಸೂಚನೆಯ 4 ಜಿಬಿ ಡಿಡಿಆರ್2 ಸ್ಟಿಕ್‌ಗಳು. ಇವನ್ನು ಇಂಟೆಲ್ ಬೋರ್ಡುಗಳು ಒಪ್ಪಿಕೊಳ್ಳವು. ಲ್ಯಾಪ್‌ಟಾಪ್‌ನ ಗಿಡ್ಡ ಸ್ಟಿಕ್ ಡೆಸ್ಕ್‌ಟಾಪ್‌ಗೆ ಬಾರದೆಂಬುದನ್ನು ಬೇರೆ ಹೇಳಬೇಕಿಲ್ಲ.

ವೇಗ ಮತ್ತು ಜೋಡಿ

ಡಿಡಿಆರ್3-1600 ಮತ್ತು ಪಿಸಿ3-12800 ಎಂಬುವು ಒಂದೇ ವಸ್ತುವಿನ ಎರಡು ಹೆಸರು; 1600ನ್ನು 8ರಿಂದ ಗುಣಿಸಿದರೆ ಎರಡನೆಯ ಸಂಖ್ಯೆ ದೊರೆಯುತ್ತದೆ. 1333ರ ಪಕ್ಕದಲ್ಲಿ 1600ರ ಸ್ಟಿಕ್ ಹಾಕಿದರೆ ಸಾಮಾನ್ಯವಾಗಿ ಎರಡೂ 1333ರ ವೇಗದಲ್ಲೇ ನಡೆಯುತ್ತವೆ. ಹಾನಿಯೇನಿಲ್ಲ, ಆದರೆ ಹೆಚ್ಚಿನ ವೇಗಕ್ಕೆಂದು ಹೆಚ್ಚಿನ ಹಣ ತೆತ್ತದ್ದು ವ್ಯರ್ಥ. ಸಮಾನ ಸಾಮರ್ಥ್ಯದ ಎರಡು ಸ್ಟಿಕ್‌ಗಳನ್ನು ಜೋಡಿಯಾಗಿ ಹಾಕಿದರೆ ಡ್ಯುಯಲ್ ಚಾನೆಲ್ ವ್ಯವಸ್ಥೆಯ ಲಾಭ ಸಿಗುತ್ತದೆ.

ಅಳವಡಿಸುವಾಗ

ವಿದ್ಯುತ್ ತಂತಿಯನ್ನು ಪೂರ್ತಿ ಕಳಚಿ, ಪವರ್ ಗುಂಡಿಯನ್ನು ಕೆಲ ಕ್ಷಣ ಒತ್ತಿ ಉಳಿದ ವಿದ್ಯುತ್ತನ್ನು ಹೊರಹಾಕಬೇಕು. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿದ ಬಳಿಕವೇ ಸ್ಟಿಕ್ ಹಿಡಿಯಬೇಕು; ಮೈಯಲ್ಲಿನ ಸ್ಥಿರ ವಿದ್ಯುತ್ ಚಿಪ್‌ಗಳಿಗೆ ಅಪಾಯ. ಸ್ಟಿಕ್ ಸರಿಯಾಗಿ ಕೂತಾಗ ಬದಿಯ ಕೊಂಡಿ ‘ಟಕ್’ ಎಂದು ಮುಚ್ಚಿಕೊಳ್ಳುತ್ತದೆ. ಬಳಿಕ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಅಥವಾ ಮೆಮ್‌ಟೆಸ್ಟ್86 ಪ್ಲಸ್ ಬಳಸಿ ಪರೀಕ್ಷಿಸುವುದು ಒಳಿತು. ಕೊಳ್ಳುವಾಗಲೇ ಬದಲಿಸಿಕೊಡುವ ಅವಧಿ ಎಷ್ಟೆಂದು ಕೇಳಿ ಬಿಲ್‌ನಲ್ಲಿ ಬರೆಸಿಕೊಂಡು, ಆ ಅವಧಿಯೊಳಗೆ ಪರೀಕ್ಷೆ ಮುಗಿಸಬೇಕು.

ಹೊಸ ರ‍್ಯಾಮ್‌ನಿಂದ ಹಳೆಯ ಯಂತ್ರ ಹೊಸದಾಗುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ರ‍್ಯಾಮ್ ಎಷ್ಟೇ ಇದ್ದರೂ ಎಚ್61 ಕಾಲದ ಪ್ರೊಸೆಸರುಗಳು ವಿಂಡೋಸ್ 11ರ ಅರ್ಹತಾ ಪಟ್ಟಿಯಲ್ಲಿಲ್ಲ. ಆದರೆ ಲಿನಕ್ಸ್ ಹಾಕಿಕೊಂಡು ಪತ್ರ ಬರೆಯಲು, ಮಕ್ಕಳ ಪಾಠ ನೋಡಲು, ಲೆಕ್ಕ ಇಡಲು ಬಯಸುವವರಿಗೆ ಸರಿಯಾದ ಒಂದು ಸ್ಟಿಕ್ ಇನ್ನೂ ಕೆಲ ವರ್ಷಗಳ ಸೇವೆ ತಂದುಕೊಡಬಲ್ಲದು. ಅಂಗಡಿಗೆ ಹೊರಡುವಾಗ ಬೋರ್ಡಿನ ಮಾದರಿ ಸಂಖ್ಯೆ ಬರೆದ ಚೀಟಿ, ಸಾಧ್ಯವಾದರೆ ಹಳೆಯ ಸ್ಟಿಕ್ ಜೇಬಿನಲ್ಲಿರಲಿ.