ಸುದ್ದಿಚಿತ್ರದಿಂದ ಸಾಕ್ಷ್ಯಚಿತ್ರಕ್ಕೆ ಹೋಗುವ ದಾರಿ

2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಒಮ್ಮೆಲೇ ಕುಸಿದಾಗ ರೈತರು ಎಪಿಎಂಸಿ ಕಚೇರಿಗೆ ಕಲ್ಲು ತೂರಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಇಂಥ ದಿನ ಪತ್ರಿಕೆಗೆ ಬೇಕಾಗುವುದು ಉರಿಯುವ ವಾಹನದ ಒಂದು ಚಿತ್ರ. ಅದನ್ನು ತೆಗೆದು ಹೊತ್ತಿಗೆ ಸರಿಯಾಗಿ ಕಳಿಸಿದರೆ ಛಾಯಾಗ್ರಾಹಕರ ಕೆಲಸ ಆದಂತೆಯೇ. ಅದೇ ಸಂಗತಿಯ ಮೇಲೆ ಇಪ್ಪತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡುವವರಿಗೆ ಆ ಬೆಂಕಿ ಅರ್ಧ ನಿಮಿಷಕ್ಕೆ ಮುಗಿದುಹೋಗುತ್ತದೆ. ಉಳಿದದ್ದೆಲ್ಲ ಬೆಂಕಿಯ ಹಿಂದೆಮುಂದೆ ಸಿಗಬೇಕು. ಊರಲ್ಲಿ ರಾತ್ರಿ ಚೀಲ ಹೇರುವ ಕೆಲಸ, ಲಾರಿ ಬಾಡಿಗೆಯ ಚೌಕಾಸಿ, ದಲಾಲರ ಅಂಗಡಿಯ ಮುಂದೆ ಮಾಲಿನ ಪಕ್ಕ ಕೂತು ದರಕ್ಕಾಗಿ ಕಾಯುವ ಹೊತ್ತು, ದರ ಕೇಳಿದ ಮೇಲಿನ ಮೌನ, ಗಲಾಟೆ ಅಡಗಿದ ಮೇಲೂ ಅಲ್ಲೇ ಬಿದ್ದಿರುವ ಚೀಲಗಳು, ಮೆಣಸಿನಕಾಯಿಯ ತೊಟ್ಟು ಬಿಡಿಸಿ ಕೂಲಿ ಗಳಿಸುವ ಹೆಂಗಸರಿಗೆ ಆ ವಾರ ಕೆಲಸ ಸಿಕ್ಕಿತೇ ಇಲ್ಲವೇ ಎಂಬುದು.

ಪತ್ರಿಕಾ ಛಾಯಾಗ್ರಹಣ ಬಿಟ್ಟು ಸಾಕ್ಷ್ಯಚಿತ್ರಕ್ಕೆ ಬರಬೇಕೆನ್ನುವವರು ಮೊದಲು ಮನಗಾಣಬೇಕಾದದ್ದು ಇದನ್ನು. ಕ್ಯಾಮೆರಾ ಹೆಚ್ಚುಕಡಿಮೆ ಅದೇ, ಲೆನ್ಸುಗಳೂ ಅವೇ, ಬೆಳಕಿನ ಅಂದಾಜು ಕೈಗೆ ಕೂತಿರುತ್ತದೆ. ಬದಲಾಗುವುದು ಕಾಲದ ಲೆಕ್ಕ. ಸುದ್ದಿ ಛಾಯಾಗ್ರಾಹಕರ ವರ್ಷಗಳ ಅಭ್ಯಾಸವೆಲ್ಲ ಘಟನೆಯ ತುದಿಯನ್ನು ಹಿಡಿಯುವುದಕ್ಕೆ ಸವೆದಿರುತ್ತದೆ. ತುದಿ ಸಿಕ್ಕ ಕೂಡಲೇ ಕ್ಯಾಮೆರಾ ಇಳಿಸಿ, ಅಡಿಬರಹಕ್ಕೆ ಹೆಸರು ಕೇಳಿಕೊಂಡು, ಡೆಸ್ಕಿಗೆ ಕಳಿಸಿ, ಮುಂದಿನ ಅಸೈನ್‌ಮೆಂಟಿಗೆ ಓಡಬೇಕು. ಸಾಕ್ಷ್ಯಚಿತ್ರಕ್ಕೆ ಬೇಕಾದದ್ದು ಬಹಳ ಸಲ ಆರಂಭವಾಗುವುದೇ ಕ್ಯಾಮೆರಾ ಇಳಿಸಿದ ಮೇಲೆ.

ಕೆಲಸ ಬದಲಿಸುವ ಯೋಚನೆ ಯಾರಿಗೂ ಸುಮ್ಮನೆ ಬರುವುದಿಲ್ಲ. 2013ರ ಮೇ ತಿಂಗಳಲ್ಲಿ ಅಮೆರಿಕದ ‘ಷಿಕಾಗೊ ಸನ್-ಟೈಮ್ಸ್’ ಪತ್ರಿಕೆ ತನ್ನ ಛಾಯಾಗ್ರಹಣ ವಿಭಾಗದ 28 ಮಂದಿಯನ್ನೂ ಒಟ್ಟಿಗೇ ಕೆಲಸದಿಂದ ತೆಗೆಯಿತು. ಅವರಲ್ಲಿ ಪುಲಿಟ್ಜರ್ ಪಡೆದಿದ್ದ ಜಾನ್ ಎಚ್. ವೈಟ್ ಕೂಡ ಇದ್ದರು. ನಮ್ಮಲ್ಲೂ ವರದಿಗಾರರೇ ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸುವ ರೂಢಿ ಬೆಳೆದಿದೆ. ಇನ್ನೊಂದು ಕಡೆ, 2008ರಲ್ಲಿ ಬಂದ ಕ್ಯಾನನ್ 5ಡಿ ಮಾರ್ಕ್ 2 ಕ್ಯಾಮೆರಾ ಸ್ಟಿಲ್ ತೆಗೆಯುವ ಕೈಗೇ ಸಿನಿಮಾ ಗುಣಮಟ್ಟದ ವಿಡಿಯೊ ಕೊಟ್ಟಿತು. ‘ನ್ಯೂಯಾರ್ಕ್ ಟೈಮ್ಸ್’ಗೆ ಕೆಲಸ ಮಾಡಿದ್ದ ವಿನ್ಸೆಂಟ್ ಲಫೊರೆ ಅದರಲ್ಲಿ ‘ರೆವೆರಿ’ ಎಂಬ ಪುಟ್ಟ ಚಿತ್ರ ಮಾಡಿ, ಆಮೇಲೆ ನಿರ್ದೇಶನದತ್ತಲೇ ಹೊರಳಿದರು. ಉಪಕರಣವಿಲ್ಲ ಎಂಬ ಅಡ್ಡಿ ಅಲ್ಲಿಂದಾಚೆಗೆ ಬಹುಮಟ್ಟಿಗೆ ಹೋಯಿತು. ಹೊಸ ಕ್ಯಾಮೆರಾಕ್ಕೆ ಸಾಲ ಮಾಡುವ ಮೊದಲು ಹೆಗಲ ಚೀಲದಲ್ಲಿರುವುದರಲ್ಲೇ ಒಂದು ಚಿತ್ರ ಮುಗಿಸಿ ನೋಡಬೇಕು.

ಯಾವ ವಸ್ತುವಿನಿಂದ ಶುರು ಮಾಡುವುದು? ಈಗಾಗಲೇ ಸ್ಟಿಲ್‌ನಲ್ಲಿ ತೆಗೆದಿರುವ, ಇನ್ನೂ ಹೇಳುವುದು ಬಾಕಿ ಇದೆ ಎಂದು ಕಾಡುತ್ತಿರುವ ವಸ್ತುವಿನಿಂದ. ಸ್ಟ್ಯಾನ್ಲಿ ಕುಬ್ರಿಕ್ ಹದಿಹರೆಯದಲ್ಲೇ ‘ಲುಕ್’ ಪತ್ರಿಕೆಯ ಛಾಯಾಗ್ರಾಹಕರಾಗಿದ್ದರು. 1949ರಲ್ಲಿ ವಾಲ್ಟರ್ ಕಾರ್ಟಿಯರ್ ಎಂಬ ಬಾಕ್ಸರ್ ಮೇಲೆ ಅವರ ಚಿತ್ರಲೇಖನ ಬಂತು. ಎರಡು ವರ್ಷದ ಮೇಲೆ ಬಂದ ಅವರ ಮೊದಲ ಕಿರುಸಾಕ್ಷ್ಯಚಿತ್ರ ‘ಡೇ ಆಫ್ ದಿ ಫೈಟ್’ನ ನಾಯಕನೂ ಅದೇ ಬಾಕ್ಸರ್. ಮನೆಯೊಳಗೆ ಬಿಟ್ಟುಕೊಳ್ಳುವಷ್ಟು ನಂಬಿಕೆ ಅಷ್ಟರಲ್ಲಿ ಬೆಳೆದಿತ್ತು, ಅವನ ದಿನಚರಿ ಗೊತ್ತಿತ್ತು, ಯಾವ ಮೂಲೆಯಿಂದ ಬೆಳಕು ಬರುತ್ತದೆಂದು ತಿಳಿದಿತ್ತು. ಸುದ್ದಿ ಛಾಯಾಗ್ರಾಹಕರ ದೊಡ್ಡ ಆಸ್ತಿ ಇದು: ಅಪರಿಚಿತರ ಅಂಗಳದಲ್ಲಿ ನಿಂತು ಹತ್ತು ನಿಮಿಷದಲ್ಲಿ ನಂಬಿಕೆ ಗಳಿಸುವ ಕಲೆ. ಸಿನಿಮಾ ಶಾಲೆಯಲ್ಲಿ ಇದನ್ನು ಹೇಳಿಕೊಡುವುದು ಕಷ್ಟ.

ಮೊದಲು ಶಬ್ದ ಕಲಿಯಬೇಕು

ಸ್ಟಿಲ್‌ನಿಂದ ಬಂದವರ ಮೊದಲ ಚಿತ್ರಗಳು ಸೋಲುವುದು ಹೆಚ್ಚಾಗಿ ಶಬ್ದದಲ್ಲಿ. ದೃಶ್ಯ ಸ್ವಲ್ಪ ಅಲುಗಾಡಿದರೂ, ಮಬ್ಬಾಗಿದ್ದರೂ ನೋಡುಗರು ಸಹಿಸಿಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಕ್ಯಾಮೆರಾದಲ್ಲೇ ಇರುವ ಮೈಕ್ ಕೋಣೆಯ ಪ್ರತಿಧ್ವನಿ, ಫ್ಯಾನಿನ ಸದ್ದು, ನಿಮ್ಮ ಬೆರಳಿನ ಸರಸರ ಎಲ್ಲವನ್ನೂ ಒಟ್ಟಿಗೇ ಎತ್ತಿಕೊಳ್ಳುತ್ತದೆ. ಮೈಕ್‌ನ ಬೆಲೆಗಿಂತ ಅದು ಬಾಯಿಗೆ ಎಷ್ಟು ಹತ್ತಿರ ಇದೆ ಎಂಬುದು ಮುಖ್ಯ. ಸಾಧಾರಣ ಕಾಲರ್ ಮೈಕನ್ನು ಎದೆಯ ಬಳಿ ಸಿಕ್ಕಿಸಿದರೆ, ಮೂರು ಮೀಟರ್ ದೂರದ ಕ್ಯಾಮೆರಾದ ಮೇಲೆ ಕೂತ ದುಬಾರಿ ಮೈಕ್‌ಗಿಂತ ಮಾತು ಸ್ಪಷ್ಟವಾಗಿ ಬರುತ್ತದೆ. ರೆಕಾರ್ಡಿಂಗ್ ನಡೆಯುವಾಗ ಹೆಡ್‌ಫೋನ್ ಕಿವಿಯ ಮೇಲೇ ಇರಬೇಕು. ಕಣ್ಣು ನೋಡಿ ನಂಬಿದ್ದನ್ನು ಕಿವಿ ಬಹಳ ಸಲ ಒಪ್ಪುವುದಿಲ್ಲ.

ಸಂದರ್ಶನ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ಕೂರಿಸಿ ಆ ಕೋಣೆಯ ಖಾಲಿ ಸದ್ದನ್ನು ಒಂದು ನಿಮಿಷ ಹಿಡಿದಿಟ್ಟುಕೊಳ್ಳುವ ಪದ್ಧತಿ ಇದೆ, ರೂಮ್ ಟೋನ್ ಎನ್ನುತ್ತಾರೆ. ಎಡಿಟಿಂಗ್‌ನಲ್ಲಿ ಮಾತನ್ನು ಕತ್ತರಿಸಿದ ಕಡೆ ಇದನ್ನು ತುಂಬದಿದ್ದರೆ ಶಬ್ದ ಗಕ್ಕನೆ ನಿಂತಂತಾಗಿ, ಕತ್ತರಿ ಬಿದ್ದದ್ದು ಕಿವಿಗೆ ತಿಳಿದುಬಿಡುತ್ತದೆ. ಬ್ಯಾಡಗಿಯಂಥ ಕಡೆ ಶಬ್ದವೇ ಅರ್ಧ ಚಿತ್ರ. ಘಾಟಿಗೆ ಬರುವ ಕೆಮ್ಮು, ಸೀನು, ಹಮಾಲರ ಕೂಗು, ಚೀಲ ನೆಲಕ್ಕೆ ಬೀಳುವ ಸದ್ದು. ಕೆಂಪು ರಾಶಿಯ ಸ್ಟಿಲ್ ಎಷ್ಟೇ ಚೆನ್ನಾಗಿದ್ದರೂ ಆ ಘಾಟನ್ನು ಹೇಳಲಾರದು, ಎರಡು ಕೆಮ್ಮು ಹೇಳುತ್ತವೆ.

ಶಬ್ದ ಕಲಿಯುವುದಕ್ಕೆ ಒಂದು ನಡುದಾರಿಯೂ ಇದೆ. ನಿಮ್ಮದೇ ಹಳೆಯ ಸ್ಟಿಲ್‌ಗಳಿಗೆ ಆಯಾ ಮನುಷ್ಯರ ಧ್ವನಿ ಸೇರಿಸಿ ಮೂರು ನಿಮಿಷದ ಕಥನ ಕಟ್ಟುವುದು. ‘ನ್ಯೂಯಾರ್ಕ್ ಟೈಮ್ಸ್’ 2009ರಲ್ಲಿ ‘ಒನ್ ಇನ್ 8 ಮಿಲಿಯನ್’ ಎಂಬ ಮಾಲಿಕೆಯಲ್ಲಿ ಇದನ್ನೇ ಮಾಡಿತು. ನಗರದ ಸಾಮಾನ್ಯರ ಕಪ್ಪುಬಿಳುಪು ಚಿತ್ರಗಳು, ಹಿನ್ನೆಲೆಯಲ್ಲಿ ಅವರದೇ ಮಾತು. ಫ್ರಾನ್ಸಿನ ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ ‘ಲಾ ಜೆತೆ’ ಎಂಬ 28 ನಿಮಿಷದ ಕಥಾಚಿತ್ರವಂತೂ ಒಂದು ಗಳಿಗೆ ಬಿಟ್ಟರೆ ಪೂರ್ತಿ ಸ್ಟಿಲ್‌ಗಳಿಂದಲೇ ಆದದ್ದು. ಧ್ವನಿಯೊಂದು ಸ್ಥಿರಚಿತ್ರದ ಅರ್ಥವನ್ನು ಎಷ್ಟು ತಿರುಗಿಸಬಲ್ಲದು ಎಂದು ತಿಳಿಯಲು ಅದನ್ನು ನೋಡಬೇಕು. ಹೊಸದಾಗಿ ಏನನ್ನೂ ಶೂಟ್ ಮಾಡದೆ ಎಡಿಟಿಂಗ್, ಶಬ್ದ ಎರಡನ್ನೂ ಕಲಿಯಬಹುದಾದ ಈ ದಾರಿಯನ್ನು ನಾನು ಎಲ್ಲರಿಗೂ ಮೊದಲು ಹೇಳುತ್ತೇನೆ.

ಕೈಗೆ ಹತ್ತಿದ ಅಭ್ಯಾಸಗಳು

ಸ್ಟಿಲ್ ತೆಗೆಯುವ ಕೈ ವಿಡಿಯೊದಲ್ಲೂ ಚೌಕಟ್ಟು ಚೆಂದವಾಗಿ ಕೂತ ಕ್ಷಣವೇ ನಿಲ್ಲಿಸಿಬಿಡುತ್ತದೆ. ಎರಡು ಸೆಕೆಂಡಿನ ನೂರು ಶಾಟ್ ಇಟ್ಟುಕೊಂಡು ಎಡಿಟಿಂಗ್ ಟೇಬಲ್ಲಿಗೆ ಕೂತರೆ ಒಂದನ್ನೂ ಇನ್ನೊಂದಕ್ಕೆ ಹೊಂದಿಸಲಾಗುವುದಿಲ್ಲ. ಪ್ರತಿ ಶಾಟನ್ನೂ ಕನಿಷ್ಠ ಹತ್ತು ಸೆಕೆಂಡ್ ಅಲ್ಲಾಡದೆ ಹಿಡಿಯಿರಿ. ಯಾರಾದರೂ ಚೌಕಟ್ಟಿನಿಂದ ಆಚೆ ಹೋದರೆ ಹಿಂಬಾಲಿಸಬೇಡಿ, ಹೋಗಲು ಬಿಡಿ. ಆ ಖಾಲಿ ಜಾಗದಿಂದಲೇ ಮುಂದಿನ ಶಾಟಿಗೆ ದಾಟಬಹುದು. ಒಂದು ಕೆಲಸವನ್ನು ತೋರಿಸಬೇಕಾದರೆ ಜಾಗದ ದೂರದ ನೋಟ, ಮನುಷ್ಯರ ನಡು ಅಳತೆಯ ನೋಟ, ಕೈಯ ಸಮೀಪ ನೋಟ, ಮುಖ, ಆ ಮುಖ ಏನನ್ನು ನೋಡುತ್ತಿದೆ ಎಂಬುದು, ಇಷ್ಟಾದರೂ ಬೇಕು. ಇವೆಲ್ಲ ಸೇರಿದ್ದು ಒಂದು ಸೀಕ್ವೆನ್ಸ್. ಪತ್ರಿಕೆಯ ಅಂಕಣದ ಅಗಲಕ್ಕೆ ಒಗ್ಗಿ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸುವ ಅಭ್ಯಾಸವನ್ನೂ ಬಿಡಬೇಕು. ಮೊಬೈಲಿಗೆಂದೇ ಮಾಡುವ ತುಣುಕುಗಳ ಮಾತು ಬೇರೆ.

ಶಟರ್ ಸ್ಪೀಡಿನದು ಇನ್ನೊಂದು ಕತೆ. ಓಡುವ ಜನರನ್ನು ಸೆಕೆಂಡಿನ 1/1000ರಲ್ಲಿ ಹಿಡಿದು ರೂಢಿಯಾದವರು ವಿಡಿಯೊದಲ್ಲೂ ಹಾಗೇ ಇಟ್ಟರೆ ಚಲನೆ ತುಂಡುತುಂಡಾಗಿ ಕಾಣುತ್ತದೆ. ಸೆಕೆಂಡಿಗೆ 25 ಫ್ರೇಮ್ ಆದರೆ ಶಟರ್ 1/50 ಇರಬೇಕು. ಪ್ರತಿ ಫ್ರೇಮ್ ತುಸು ಮಸುಕಾದಾಗಲೇ ಚಲನೆ ಸಹಜವಾಗಿ ಹರಿಯುತ್ತದೆ. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟ್ ಕೆಳಗೂ ಈ ಲೆಕ್ಕಕ್ಕೆ ಮಿನುಗುಪಟ್ಟಿ ಬರುವುದಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ 1/50 ಇಟ್ಟರೆ ಬೆಳಕು ಹೆಚ್ಚಾಗುವುದರಿಂದ ಲೆನ್ಸ್ ಮುಂದೆ ಎನ್‌ಡಿ ಫಿಲ್ಟರ್ ಬೇಕೇಬೇಕು. ಮೈಕ್ ಆದ ಮೇಲೆ ಕೊಳ್ಳಬೇಕಾದ ಎರಡನೇ ಸಾಮಾನು ಅದು.

ಸಂಗ್ರಹದ ಲೆಕ್ಕವೂ ಬದಲಾಗುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ರೆಕಾರ್ಡ್ ಮಾಡಿದರೆ ಒಂದು ಗಂಟೆಯ ಫೂಟೇಜ್ 45 ಜಿಬಿ. ಎರಡು ಪ್ರತಿ ಎರಡು ಬೇರೆ ಕಡೆ ಇರಬೇಕು. ಹಾರ್ಡ್ ಡಿಸ್ಕಿನ ಖರ್ಚನ್ನು ಬಜೆಟ್ಟಿನಲ್ಲಿ ಮೊದಲೇ ಬರೆದುಕೊಳ್ಳಿ.

ಮಾತಾಡಿಸುವುದು ಪೂರ್ತಿ ಹೊಸ ವಿದ್ಯೆ. ಪತ್ರಿಕೆಯಲ್ಲಿ ಮಾತಿನ ಕೆಲಸ ವರದಿಗಾರರದು, ಹೆಸರು, ಊರು ಸಿಕ್ಕರೆ ಛಾಯಾಗ್ರಾಹಕರಿಗೆ ಸಾಕು. ‘ನಿಮಗೆ ಏನನಿಸಿತು?’ ಎಂದು ಕೇಳಿದರೆ ‘ಬೇಜಾರಾಯ್ತು’ ಎಂಬಲ್ಲಿಗೆ ಉತ್ತರ ನಿಲ್ಲುತ್ತದೆ. ‘ಅಜ್ಜಾರ, ಅವತ್ತ ಮನಿ ಬಿಟ್ಟಾಗಿಂದ ಹೇಳ್ರಿ’ ಎಂದರೆ ಚಹಾ ಕುಡಿದ ಜಾಗದಿಂದ ಹಿಡಿದು ಕತೆ ಬರುತ್ತದೆ. ನಿಮ್ಮ ಪ್ರಶ್ನೆ ಚಿತ್ರದಲ್ಲಿ ಇರುವುದಿಲ್ಲವಾದರೆ ಉತ್ತರ ಪೂರ್ಣ ವಾಕ್ಯದಲ್ಲಿ ಬರುವಂತೆ ನೋಡಿಕೊಳ್ಳಬೇಕು. ಅವರು ಮಾತು ನಿಲ್ಲಿಸಿದ ಕೂಡಲೇ ಮುಂದಿನ ಪ್ರಶ್ನೆ ಕೇಳದೆ ಕಾಯಿರಿ. ಹೆಚ್ಚಿನ ಸಲ ಬೇಕಾದ ಮಾತು ಆಮೇಲೆ ಬರುತ್ತದೆ.

ಟಿಮ್ ಹೆದರಿಂಗ್ಟನ್ ಇದರಲ್ಲಿ ದೊಡ್ಡ ಪಾಠ. ಅಫ್ಗಾನಿಸ್ತಾನದ ಕೊರೆಂಗಲ್ ಕಣಿವೆಯಲ್ಲಿ ದಣಿದು ನಿಂತ ಅಮೆರಿಕನ್ ಸೈನಿಕನ ಚಿತ್ರಕ್ಕೆ ಅವರು ವರ್ಲ್ಡ್ ಪ್ರೆಸ್ ಫೋಟೊ ಪಡೆದವರು. ಲೇಖಕ ಸೆಬಾಸ್ಟಿಯನ್ ಯಂಗರ್ ಜೊತೆ ಅದೇ ತುಕಡಿಯ ಮೇಲೆ ‘ರೆಸ್ಟ್ರೆಪೊ’ (2010) ಮಾಡಿದಾಗ ಯುದ್ಧದ ದೃಶ್ಯಗಳು ಕೈಯಲ್ಲಿದ್ದವು. ಆದರೂ ಸೈನಿಕರು ಇಟಲಿಯ ನೆಲೆಗೆ ಮರಳಿದ ಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸಿದರು. ಚಿತ್ರದಲ್ಲಿ ನಿರೂಪಕರಿಲ್ಲ, ಹೊರಗಿನ ತಜ್ಞರಿಲ್ಲ. ಗುಂಡಿನ ಸದ್ದಿನ ನಡುವೆ ಕಂಡ ಹುಡುಗರೇ ತಿಂಗಳುಗಳಾದ ಮೇಲೆ ಅದನ್ನು ನೆನೆಯುತ್ತಾರೆ. ಆ ಎರಡು ಕಾಲಗಳ ನಡುವಿನ ಅಂತರವೇ ಚಿತ್ರವನ್ನು ಹೊತ್ತು ನಿಲ್ಲಿಸುತ್ತದೆ. ಮರುವರ್ಷ ಏಪ್ರಿಲ್‌ನಲ್ಲಿ ಹೆದರಿಂಗ್ಟನ್ ಲಿಬಿಯಾದ ಮಿಸ್ರಾತಾದಲ್ಲಿ ಮಡಿದರು.

ಉಕ್ರೇನಿನ ಮಸ್ತಿಸ್ಲಾವ್ ಚೆರ್ನೊವ್ ತೋರಿಸಿದ್ದು ಇನ್ನೊಂದನ್ನು. 2022ರಲ್ಲಿ ಮುತ್ತಿಗೆಗೆ ಸಿಕ್ಕ ಮರಿಯುಪೋಲ್‌ನಿಂದ ಅವರು ಸುದ್ದಿಸಂಸ್ಥೆ ಎಪಿಗೆ ಕಳಿಸಿದ ತುಣುಕುಗಳನ್ನು ಜಗತ್ತು ಸೆಕೆಂಡುಗಳ ಲೆಕ್ಕದಲ್ಲಿ ನೋಡಿತು. ಅದೇ ಫೂಟೇಜ್ ‘20 ಡೇಸ್ ಇನ್ ಮರಿಯುಪೋಲ್’ ಆಗಿ ಒಂದೂವರೆ ಗಂಟೆ ಹರಿದು, 2024ರಲ್ಲಿ ಆಸ್ಕರ್ ಪಡೆಯಿತು. ಸುದ್ದಿ ಕತ್ತರಿಸಿ ಬಿಟ್ಟದ್ದನ್ನು ಚಿತ್ರ ಉಳಿಸಿಕೊಂಡಿತು: ವೈದ್ಯರು ಕೈಚೆಲ್ಲುವ ಮೊದಲಿನ ನಿಮಿಷಗಳು, ಆಸ್ಪತ್ರೆಯ ಪಡಸಾಲೆ, ಕ್ಯಾಮೆರಾ ಕಂಡು ಬೈಯುವವರು. ಬೇಡವೆಂದು ಅಳಿಸುವ ಮೊದಲು ಇದನ್ನು ನೆನೆಯಿರಿ. ಪತ್ರಿಕೆಗೆ ಬೇಡವಾದ ಫೂಟೇಜ್ ಬಹಳ ಸಲ ಚಿತ್ರದ ಬೆನ್ನೆಲುಬು.

ನೀತಿಯ ವಿಷಯದಲ್ಲಿ ಸುದ್ದಿಮನೆಯ ಶಿಸ್ತನ್ನು ಸಡಿಲಿಸಬೇಕಿಲ್ಲ. ‘ಇನ್ನೊಮ್ಮೆ ಬಾಗಿಲಿಂದ ಬನ್ನಿ’ ಎಂದು ಹೇಳುವುದು ಸುದ್ದಿಚಿತ್ರದಲ್ಲಿ ಸಲ್ಲದು. ಸಾಕ್ಷ್ಯಚಿತ್ರದವರು ನಿತ್ಯದ ಕೆಲಸಗಳ ಮಟ್ಟಿಗೆ ಹಾಗೆ ಕೇಳುವುದುಂಟು. ಅಳುವನ್ನು, ಜಗಳವನ್ನು, ಶವದ ಮುಂದಿನ ದುಃಖವನ್ನು ಮತ್ತೊಮ್ಮೆ ಮಾಡಿ ಎನ್ನುವುದು ಯಾವ ಮಾಧ್ಯಮದಲ್ಲೂ ತಪ್ಪೇ. ಹಿನ್ನೆಲೆ ಸಂಗೀತದ ಬಗ್ಗೆ ನನಗೆ ಇನ್ನೂ ಹೆಚ್ಚು ಆತಂಕ. ಫೋಟೊಶಾಪಿನಲ್ಲಿ ಆಕಾಶ ಬದಲಿಸಲು ಒಪ್ಪದವರು ಸಾಮಾನ್ಯ ಮುಖವೊಂದರ ಕೆಳಗೆ ಪಿಟೀಲು ಹಾಕಿ ಅದನ್ನು ದುಃಖದ ಮುಖವಾಗಿಸಲು ಹಿಂಜರಿಯುವುದಿಲ್ಲ. ಎರಡೂ ಒಂದೇ ಜಾತಿಯ ತಿದ್ದುಪಡಿ.

ಹೊಟ್ಟೆಪಾಡು, ಹಕ್ಕುಪತ್ರ

ಸಂಬಳದ ಕೆಲಸವನ್ನು ಒಮ್ಮೆಲೇ ಬಿಡಬೇಡಿ. ಕಾರ್ತಿಕಿ ಗೊನ್ಸಾಲ್ವೆಸ್ ಚಿತ್ರ ನಿರ್ದೇಶಿಸುವ ಮೊದಲು ಛಾಯಾಗ್ರಾಹಕಿ. 2017ರಲ್ಲಿ ಬೆಂಗಳೂರಿನಿಂದ ಊಟಿಗೆ ಹೋಗುವಾಗ ದಾರಿಯಲ್ಲಿ ಆನೆ ನೋಡಿಕೊಳ್ಳುವ ಬೊಮ್ಮನ್ ಮತ್ತು ಆನೆಮರಿ ರಘುವನ್ನು ಕಂಡರು. ಆ ಭೇಟಿ ಮುದುಮಲೆಯ ತೆಪ್ಪಕಾಡಿನ ಆನೆ ಶಿಬಿರದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಆಗಿ, 2023ರಲ್ಲಿ ಆಸ್ಕರ್ ತಲುಪುವ ಹೊತ್ತಿಗೆ ಐದು ವರ್ಷ ಕಳೆದಿತ್ತು. ಚಿತ್ರದ ಉದ್ದ ಸುಮಾರು 40 ನಿಮಿಷ. ಮೈಸೂರಿನ ಕೃಪಾಕರ-ಸೇನಾನಿ ಕೂಡ ಸ್ಟಿಲ್ ಛಾಯಾಗ್ರಹಣದಿಂದ ಬಂದವರೇ. ಕೆನ್ನಾಯಿಗಳ ಬೆನ್ನು ಹತ್ತಿ ವರ್ಷಗಟ್ಟಲೆ ಕಾಡಿನಲ್ಲಿ ಕಾದು ಚಿತ್ರ ಮಾಡಿದರು. ಇಂಥ ಕಾಯುವಿಕೆಯ ಕಾಲದಲ್ಲಿ ಮನೆ ನಡೆಯಬೇಕಲ್ಲ. ಸ್ವಯಂಸೇವಾ ಸಂಸ್ಥೆಗಳ ಕಿರುಚಿತ್ರ, ಮದುವೆ, ವಸ್ತುಪ್ರದರ್ಶನದ ಕೆಲಸ ಯಾವುದೂ ಕೀಳಲ್ಲ. ಅಲ್ಲೂ ಶಬ್ದ, ಸೀಕ್ವೆನ್ಸ್ ಎರಡನ್ನೂ ಬೇರೆಯವರ ಖರ್ಚಿನಲ್ಲಿ ಕಲಿಯಬಹುದು.

ಮೂರು ವರ್ಷದ ಡಿಪ್ಲೊಮಾ ಬೇಕೇ? ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನ ಛಾಯಾಗ್ರಹಣ ತರಗತಿ ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿಯಂಥವರನ್ನು ಕೊಟ್ಟಿದೆ, ನಿಜ. ಆದರೆ ಹತ್ತು ವರ್ಷ ಬೀದಿಯಲ್ಲಿ ದುಡಿದವರಿಗೆ ಬೆಳಕನ್ನು ಮತ್ತೆ ಕಲಿಯುವುದಕ್ಕಿಂತ ಎಡಿಟಿಂಗ್ ಕಲಿಯುವುದು ಹೆಚ್ಚು ಪ್ರಯೋಜನ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಸಂದರ್ಶನಗಳನ್ನೆಲ್ಲ ಅಕ್ಷರಕ್ಕಿಳಿಸಿ, ಕಾಗದದ ಮೇಲೆ ಚಿತ್ರವನ್ನು ಒಮ್ಮೆ ಕಟ್ಟಿ, ಆಮೇಲೆ ಕಂಪ್ಯೂಟರಿಗೆ ಕೂರಿ. ಕೊನೆಯ ಹಂತದಲ್ಲಿ ಬೇರೊಬ್ಬ ಎಡಿಟರ್ ಇರಲೇಬೇಕು: ಕಷ್ಟಪಟ್ಟು ತೆಗೆದ ಶಾಟನ್ನು ತೆಗೆದವರೇ ಕೈಬಿಡುವುದು ಕಠಿಣ.

ಹಣಕ್ಕೆ ಬೆಂಗಳೂರಿನಲ್ಲೇ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ. 1995ರಿಂದ ಅನುದಾನ ಕೊಡುತ್ತಿರುವ ಈ ಸಂಸ್ಥೆಗೆ ಕನ್ನಡದಲ್ಲೇ ಪ್ರಸ್ತಾವ ಬರೆಯಬಹುದು. ಕೋಲ್ಕತ್ತದ ಡಾಕ್‌ಎಡ್ಜ್‌ನಲ್ಲಿ ನಿರ್ಮಾಪಕರ ಮುಂದೆ ಯೋಜನೆ ಮಂಡಿಸುವ ಅವಕಾಶವಿದೆ. ತೋರಿಸಲು ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವವೂ ತಿರುವನಂತಪುರದ ಸಾಕ್ಷ್ಯಚಿತ್ರ, ಕಿರುಚಿತ್ರೋತ್ಸವವೂ ಹತ್ತಿರದವು. ಪ್ರಸ್ತಾವದ ಜೊತೆ ಎರಡು ನಿಮಿಷದ ತುಣುಕಾದರೂ ಇರಲಿ. ನಿಮ್ಮ ಸ್ಟಿಲ್‌ಗಳು ಎಷ್ಟೇ ಒಳ್ಳೆಯವಾದರೂ ನೀವು ಕಾಲವನ್ನು ನಿಭಾಯಿಸಬಲ್ಲಿರಿ ಎಂಬುದಕ್ಕೆ ಪುರಾವೆ ಆಗುವುದಿಲ್ಲ.

ಪತ್ರಿಕೆ ಬಿಡುವ ಮುನ್ನ ನೇಮಕಾತಿ ಪತ್ರವನ್ನು ತೆಗೆದು ಓದಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಪತ್ರಿಕೆಯ ನೌಕರರಾಗಿ ಪ್ರಕಟಣೆಗೆಂದು ತೆಗೆದ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ಉಳಿದ ಬಳಕೆಗಳಲ್ಲಿ ಮೊದಲ ಹಕ್ಕು ತೆಗೆದವರದೇ. ಇದು ಬೇರೆ ಒಪ್ಪಂದ ಇಲ್ಲದಿದ್ದಾಗ ಮಾತ್ರ. ಈಗಿನ ನೇಮಕಾತಿ ಪತ್ರಗಳಲ್ಲಿ ಎಲ್ಲ ಹಕ್ಕೂ ಸಂಸ್ಥೆಗೆ ಎಂಬ ಸಾಲು ಇರಬಹುದು. ಹಾಗಿದ್ದರೆ ನಿಮ್ಮದೇ ಹಳೆಯ ಚಿತ್ರವನ್ನು ನಿಮ್ಮದೇ ಸಾಕ್ಷ್ಯಚಿತ್ರದಲ್ಲಿ ಬಳಸಲು ಲಿಖಿತ ಅನುಮತಿ ಬೇಕು. ಬೇಕಾದ ಚಿತ್ರಗಳ ಪಟ್ಟಿಯನ್ನು ದಿನಾಂಕ, ಅಡಿಬರಹ ಸಮೇತ ಮಾಡಿ, ಕೆಲಸದಲ್ಲಿ ಇರುವಾಗಲೇ ಸಂಪಾದಕರಿಂದ ಸಹಿ ಹಾಕಿಸಿಕೊಳ್ಳಿ.